ಪಾಲಾಗಬೇಕಿದ್ದ ಏಳನೇ ಕ್ಲಾಸು

ಶಾಲೆಗೆ ಹೊಸ ಯಂತ್ರ ಬಂದರೆ ಮೊದಲು ಅದಕ್ಕೊಂದು ಬಟ್ಟೆ ಹೊದಿಸುತ್ತಾರೆ. ಆಮೇಲೆ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಕೀಲಿ ಯಾರ ಹತ್ತಿರ ಎಂದು ಕೇಳಿದರೆ ಅವತ್ತು ರಜೆ ಹಾಕಿದವರ ಕಡೆ ಕೈ ತೋರಿಸುತ್ತಾರೆ. ಆ ಬೀಗ ತೆಗೆಸುವುದು, ಬಟ್ಟೆ ಸರಿಸುವುದು, ಇದು ಯಾರನ್ನೂ ಕಚ್ಚುವುದಿಲ್ಲ ಎಂದು ಮೇಷ್ಟ್ರುಗಳಿಗೆ ತೋರಿಸಿಕೊಡುವುದು ನನ್ನ ಕೆಲಸ. ಕಂಪನಿಯವರು ನನ್ನ ಹುದ್ದೆಗೆ ಉದ್ದದ ಹೆಸರು ಇಟ್ಟಿದ್ದಾರೆ. ಭಾವ ಅದನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾರೆ: ‘ಬೀಗದಮ್ಮ’.

ಅಕ್ಕ ಗಣಿತದ ಮಿಸ್. ನಾನು ಅವಳ ಮನೆಯಲ್ಲೇ ಇದ್ದರೂ ಅವಳ ಶಾಲೆಯ ಕಡೆ ತಲೆ ಹಾಕಿರಲಿಲ್ಲ. ಬೇರೆಯವರ ಶಾಲೆಯಲ್ಲಿ ಕೆಲಸ ಕೆಟ್ಟರೆ ಬಸ್ಸು ಹತ್ತಿ ಬರಬಹುದು. ಮನೆಯವರ ಶಾಲೆಯಲ್ಲಿ ಕೆಟ್ಟರೆ ಊಟಕ್ಕೆ ಎದುರುಬದುರು ಕೂರಬೇಕು. ಆದರೆ ಆ ವಾರ ಅವಳೇ ಬಂದು ನನ್ನ ಮಂಚದ ತುದಿಯಲ್ಲಿ ಕೂತಳು.

“ಸೋಮವಾರದಿಂದ ನನ್ನ ಏಳನೇ ಕ್ಲಾಸನ್ನ ಪಾಲು ಮಾಡ್ತಾರಂತೆ,” ಅಂದಳು. “ಜಾಣರು ಒಂದು ರೂಮು, ದಡ್ಡರು ಒಂದು ರೂಮು.”

“ಯಾರು ಹೇಳಿದ್ದು?”

“ಹೆಡ್ ಮಿಸ್. ಜಾಣರು ನನಗೆ. ದಡ್ಡರು ಆಟದ ಮೇಷ್ಟ್ರಿಗೆ.”

“ಅವರಿಗೆ ಗಣಿತ ಬರುತ್ತಾ?”

“ಸ್ಕೋರ್ ಬರೆಯೋಕೆ ಬರುತ್ತೆ.”

ನಾನು ನಕ್ಕೆ. ಅವಳು ನಗಲಿಲ್ಲ. ಹೋದ ವರ್ಷ ಎಂಟನೇ ಕ್ಲಾಸಿಗೂ ಇದನ್ನೇ ಮಾಡಿದ್ದರಂತೆ. ಆಚೆ ರೂಮಿಗೆ ಹೋದವರಲ್ಲಿ ಒಬ್ಬರೂ ಈಚೆಗೆ ಬರಲಿಲ್ಲ. ಬರುವುದಿರಲಿ, ತಾವು ಆಚೆಯವರೇ ಸೈ ಎಂದು ಒಪ್ಪಿಕೊಂಡು ಆರಾಮಾಗಿಬಿಟ್ಟರು. ಅಕ್ಕನಿಗೆ ಹೊಟ್ಟೆ ಉರಿಸಿದ್ದು ಆ ಆರಾಮು.

“ಯಾರು ಯಾವ ಕಡೆ ಅಂತ ನಿನಗೆ ಗೊತ್ತಿರುತ್ತಲ್ಲ, ನಿನ್ನ ಕ್ಲಾಸು,” ಅಂದೆ.

“ಅದೇ ಗೊತ್ತಿಲ್ಲ ಕಣೇ. ಪ್ರಶ್ನೆ ಕೇಳಿದ್ರೆ ದಿನಾ ಒಬ್ಬಳೇ ಕೈ ಎತ್ತುತ್ತಾಳೆ. ಅರ್ಥ ಆಯ್ತಾ ಅಂದ್ರೆ ಎಲ್ಲರೂ ಆಯ್ತು ಮಿಸ್ ಅಂತಾರೆ. ಪರೀಕ್ಷೆ ಇಟ್ರೆ ಇಡೀ ಬೆಂಚಿಗೆ ಒಂದೇ ತಪ್ಪು, ಅದೂ ಒಂದೇ ಜಾಗದಲ್ಲಿ. ಇದನ್ನೇ ಹೆಡ್ ಮಿಸ್‌ಗೂ ಹೇಳಿದೆ.”

“ಅವರೇನಂದ್ರು?”

“ಶುಕ್ರವಾರ ನಿಮ್ಮ ಪೀರಿಯಡ್‌ಗೆ ಬಂದು ಕೂರ್ತೀನಿ, ಯಾರಿಗೆ ಏನು ಗೊತ್ತು ಅಂತ ತೋರಿಸಿ. ತೋರಿಸೋಕಾಗ್ದಿದ್ರೆ ನನ್ನ ಪಾಡಿಗೆ ನನ್ನ ಬಿಟ್ಬಿಡಿ ಅಂದ್ರು.” ಅಕ್ಕ ನನ್ನ ಕೈಯಲ್ಲಿದ್ದ ಫೋನನ್ನೇ ನೋಡಿದಳು. “ನಿನ್ನ ಹತ್ರ ಅದೇನೋ ಕಾರ್ಡು ಇದೆ ಅಂತಿದ್ಯಲ್ಲ.”

ಇತ್ತು. ಬಹಳ ಸರಳವಾದ ಸಂಗತಿ. ಪ್ರತಿ ಮಗುವಿಗೆ ಅಂಗೈಯಗಲದ ಒಂದು ಚೌಕದ ಕಾರ್ಡು. ಅದರ ಮೇಲೆ ಮಸಿ ಚೆಲ್ಲಿದಂತೆ ಒಂದು ಕಪ್ಪು ಚಿತ್ರ. ಒಬ್ಬರದ್ದರಂತೆ ಇನ್ನೊಬ್ಬರದ್ದು ಇರುವುದಿಲ್ಲ. ನಾಲ್ಕು ಅಂಚಿನಲ್ಲಿ ಸಣ್ಣದಾಗಿ ಅ, ಆ, ಇ, ಈ. ಮಿಸ್ ಪ್ರಶ್ನೆ ಕೇಳಿ ನಾಲ್ಕು ಉತ್ತರ ಕೊಡುತ್ತಾರೆ. ಮಗು ತನಗೆ ಸರಿ ಅನ್ನಿಸಿದ ಅಕ್ಷರ ಮೇಲೆ ಬರುವಂತೆ ಕಾರ್ಡು ತಿರುಗಿಸಿ ಎತ್ತಿ ಹಿಡಿಯುತ್ತದೆ. ಮಿಸ್ ಫೋನಿನ ಕ್ಯಾಮೆರಾವನ್ನು ಕ್ಲಾಸಿನ ಈ ತುದಿಯಿಂದ ಆ ತುದಿಗೆ ಒಮ್ಮೆ ಆಡಿಸಿದರೆ ಸಾಕು, ಯಾರು ಏನು ಹೇಳಿದರೆಂದು ಫೋನು ಓದಿಕೊಳ್ಳುತ್ತದೆ. ಪಕ್ಕದವರ ಕಾರ್ಡು ನೋಡಿ ನಕಲು ಹೊಡೆಯೋಣವೆಂದರೆ ಕಾಣುವುದು ಬರೀ ಮಸಿ.

“ಇದು ನಂಗೆ ಬೇಕು,” ಅಂದಳು ಅಕ್ಕ. ಸೀರೆ ಅಂಗಡಿಯಲ್ಲೂ ಅವಳು ಇಷ್ಟು ಬೇಗ ಮನಸ್ಸು ಮಾಡಿದ್ದನ್ನು ನಾನು ನೋಡಿಲ್ಲ.

ಗುರುವಾರ ಸಂಜೆ ನಾನು ಶಾಲೆಗೆ ಹೋಗಿ ಪ್ರೊಜೆಕ್ಟರಿನ ಬಟ್ಟೆ ತೆಗೆದೆ. ಕಾರ್ಡುಗಳ ಫೈಲನ್ನು ಭಾವನಿಗೆ ಕಳಿಸಿದ್ದೆ. ಅವರದ್ದು ಜೆರಾಕ್ಸ್ ಅಂಗಡಿ. ದಪ್ಪ ಹಾಳೆಯಲ್ಲಿ ಪ್ರಿಂಟ್ ಹಾಕಿ ಕತ್ತರಿಸಿದರೆ ಮುಗಿಯಿತು.

ಭಾವನ ಮಟ್ಟಿಗೆ ಅಷ್ಟಕ್ಕೆ ಯಾವುದೂ ಮುಗಿಯುವುದಿಲ್ಲ. ಅವರ ಕೈಗೆ ಸಿಕ್ಕ ಕಾಗದ ಲ್ಯಾಮಿನೇಷನ್ ಆಗದೆ ಹೊರಗೆ ಬಂದದ್ದಿಲ್ಲ. ನಮ್ಮ ಮನೆಯಲ್ಲಿ ಒಲೆ ಪಕ್ಕದ ‘ಗ್ಯಾಸ್ ಆರಿಸಿದ್ಯಾ’ ಎಂಬ ಚೀಟಿಗೂ ಪ್ಲಾಸ್ಟಿಕ್ ಹೊದಿಕೆ ಇದೆ. ಅಕ್ಕನ ಶಾಲೆಯ ವೇಳಾಪಟ್ಟಿ, ಮಗ್ಗಿಯ ಹಾಳೆ, ನಲ್ಲಿಯ ಮೇಲಿನ ‘ನೀರು ಪೋಲು ಮಾಡಬೇಡಿ’, ಎಲ್ಲವೂ ಅವರ ಅಂಗಡಿಯ ಬಿಸಿ ರೋಲರುಗಳ ನಡುವೆ ತೂರಿ ಬಂದವು. ಶುಕ್ರವಾರ ಬೆಳಿಗ್ಗೆ ಅವರು ಕಾರ್ಡುಗಳ ಕಟ್ಟನ್ನು ಮೇಜಿನ ಮೇಲಿಟ್ಟಾಗ ಅವು ಕನ್ನಡಿಯಂತೆ ಹೊಳೆಯುತ್ತಿದ್ದವು.

“ಹುಡುಗರ ಕೈ ನೋಡು, ಎರಡು ದಿನಕ್ಕೆ ಜಿಡ್ಡು ಹಿಡಿಸ್ತಾರೆ. ಇದಾದ್ರೆ ಒದ್ದೆ ಬಟ್ಟೇಲಿ ಒರೆಸಿ ಇಟ್ಕೋಬಹುದು,” ಅಂದರು.

ಅಕ್ಕನ ಮುಖವೂ ಹೊಳೆಯಿತು. ನನಗೂ ಚೆನ್ನಾಗಿದೆ ಅನ್ನಿಸಿತು. ಕಂಪನಿಯಲ್ಲಿ ನಾವು ಯಾವತ್ತೂ ಬರೀ ಹಾಳೆಯ ಕಾರ್ಡನ್ನೇ ಬಳಸಿದ್ದೆವು. ಹೊಳೆಯುವ ಕಾರ್ಡನ್ನು ಕ್ಯಾಮೆರಾದ ಮುಂದೆ ಹಿಡಿದು ನೋಡುವ ಬುದ್ಧಿ ಮೂವರಲ್ಲಿ ಒಬ್ಬರಿಗೂ ಬರಲಿಲ್ಲ.

ಏಳನೇ ಕ್ಲಾಸಿನ ರೂಮಿನಲ್ಲಿ ಒಂದು ಕಡೆ ಪೂರ್ತಿ ಕಿಟಕಿ. ಪರದೆಯಿಲ್ಲ. ಬೆಂಚುಗಳ ಅಂಚನ್ನು ಯಾರೋ ತಾಳ್ಮೆಯಿಂದ ಕೆತ್ತಿದ್ದರು. ಆ ಶಾಲೆಯಲ್ಲಿ ಮಕ್ಕಳನ್ನು ಅಂಕದ ಪ್ರಕಾರ ಕೂರಿಸುತ್ತಾರೆ: ಮುಂದೆ ಹೆಚ್ಚಿನವರು, ಹಿಂದೆ ಹಿಂದೆ ಹೋದಂತೆ ಕಡಿಮೆಯವರು. ಹೆಡ್ ಮಿಸ್ ಹಿಂದಿನ ಗೋಡೆಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಸಣ್ಣ ದೇಹ, ದೊಡ್ಡ ಕೈಗಡಿಯಾರ. ಪಕ್ಕದಲ್ಲಿ ನಾನು, ತೊಡೆಯ ಮೇಲೆ ಲ್ಯಾಪ್‌ಟಾಪು. ಯಾವ ಉತ್ತರಕ್ಕೆ ಎಷ್ಟು ಜನ ಎನ್ನುವ ಕಂಬಗಳು ಮಾತ್ರ ಮುಂದಿನ ಗೋಡೆಯ ಮೇಲೆ ಮೂಡುವಂತೆ ಮಾಡಿದ್ದೆ. ಯಾರು ಏನು ಹೇಳಿದರು ಎನ್ನುವುದು ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ, ಮಕ್ಕಳು ಕೂತ ಹಾಗೆಯೇ ಜೋಡಿಸಿದ ಚೌಕಗಳಲ್ಲಿ. ತಪ್ಪಿದವರ ಮಾನ ಗೋಡೆಯ ಮೇಲೆ ಹರಾಜಾಗುವುದು ಬೇಡ ಎಂದು ಅಕ್ಕ ಮೊದಲೇ ಹೇಳಿದ್ದಳು.

ಹೆಡ್ ಮಿಸ್ ನನ್ನ ಪರದೆಯ ಮಧ್ಯೆ ಬೆರಳಿನಿಂದ ಗೆರೆ ಎಳೆದರು. “ಇಲ್ಲಿಂದ ಮುಂದಿನವರು ನಿಮ್ಮಕ್ಕನಿಗೆ. ಇಲ್ಲಿಂದ ಹಿಂದೆ, ಆಚೆ ರೂಮು. ಇದಕ್ಕೆ ಫೋನು ಪ್ರೊಜೆಕ್ಟರು ಎಲ್ಲ ಯಾಕಮ್ಮ?”

“ನೋಡೋಣ ಮೇಡಂ,” ಅಂದೆ.

ಸೋಮವಾರದ ಸಂಗತಿ ಮಕ್ಕಳಿಗೆ ಗೊತ್ತಿತ್ತು. ಸ್ಟಾಫ್ ರೂಮಿನಲ್ಲಿ ಆಡಿದ ಮಾತು ಬಾಗಿಲು ದಾಟಲು ಎಷ್ಟು ಹೊತ್ತು? ಮುಂದಿನವರು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಹಿಂದಿನವರು ತಾವಾಗಲೇ ಹೊರಟವರಂತೆ ಚೀಲ ಮಡಿಲಲ್ಲಿಟ್ಟುಕೊಂಡಿದ್ದರು.

ಅಕ್ಕ ಬೋರ್ಡಿನ ಮೇಲೆ ಬರೆದಳು: 0.25, 0.3. ಯಾವುದು ದೊಡ್ಡದು? ಅ ಅಂದರೆ ಮೊದಲನೆಯದು, ಆ ಅಂದರೆ ಎರಡನೆಯದು, ಇ ಅಂದರೆ ಎರಡೂ ಸಮ, ಈ ಅಂದರೆ ಗೊತ್ತಿಲ್ಲ. ಮುಂದಿನ ಬೆಂಚಿನ ಕಾರ್ಡುಗಳನ್ನು ಇಸಿದುಕೊಂಡು ಹೇಗೆ ತಿರುಗಿಸಬೇಕು, ಹೇಗೆ ಹಿಡಿಯಬೇಕು ತೋರಿಸಿ ವಾಪಸು ಕೊಟ್ಟಳು.

ಮುಂದಿನ ಬೆಂಚಿನಲ್ಲಿದ್ದ ಎರಡು ಜಡೆಯ ಹುಡುಗಿ ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತಿದ್ದಳು. ಕ್ಲಾಸಿನಲ್ಲಿ ಅವಳಿಗೆ ರೇಡಿಯೊ ಎಂದು ಹೆಸರು; ದಿನಾ ಕೈ ಎತ್ತುವವಳು ಅವಳೇ.

“ಬಾಯಿ ಬೇಡ ರೇಡಿಯೊ, ಕಾರ್ಡು,” ಅಂದಳು ಅಕ್ಕ. “ಎಲ್ಲರೂ ಎತ್ತಿ.”

ಕಾರ್ಡುಗಳು ಎದ್ದವು. ಕಿಟಕಿಯ ಬಿಸಿಲು ಅವುಗಳ ಮೇಲೆ ಬಿದ್ದು ಗೋಡೆ, ಚಾವಣಿ ತುಂಬ ಬೆಳಕಿನ ತುಂಡುಗಳು ಕುಣಿದವು. ಅಕ್ಕ ಫೋನು ಆಡಿಸಿದಳು. ನನ್ನ ಪರದೆಯಲ್ಲಿ ಮುಂದಿನ ಬೆಂಚಿನ ಚೌಕಗಳು ತುಂಬಿದವು. ಉಳಿದವು ಖಾಲಿ. ಮತ್ತೆ ಆಡಿಸಿದಳು. ಹಾಗೇ ಖಾಲಿ.

“ಸ್ವಲ್ಪ ವಾಲಿಸಿ ಹಿಡೀರಿ,” ಅಂದೆ. ವಾಲಿಸಿದರು. ಹಿಂದೊಬ್ಬ ತನ್ನ ಕಾರ್ಡಿನ ಬಿಸಿಲನ್ನು ಗೆಳೆಯನ ಕಣ್ಣಿಗೆ ಬಿಟ್ಟ. ಕಿಟಕಿ ಮುಚ್ಚಿಸಿ ದೀಪ ಹಾಕಿಸಿದೆ; ಈಗ ಪ್ರತಿ ಕಾರ್ಡಿನಲ್ಲೂ ಒಂದೊಂದು ಟ್ಯೂಬ್‌ಲೈಟು. ಪ್ಲಾಸ್ಟಿಕ್ಕಿನ ಹೊಳಪಿನಲ್ಲಿ ಮಸಿ ಕಾಣದೆ ಫೋನು ಕುರುಡಾಗಿತ್ತು. ಅಕ್ಕ ಅಲ್ಲಿಂದಲೇ ನನ್ನನ್ನು ನೋಡಿದಳು.

“ಇದಕ್ಕಿಂತ ಕೈ ಎತ್ಸೋದೇ ಮೇಲಲ್ವಾ?” ಅಂದರು ಹೆಡ್ ಮಿಸ್, ಗಡಿಯಾರ ನೋಡುತ್ತ. “ಸಾಕು ಅನ್ನಿಸಿದಾಗ ಹೇಳಿ, ಏಳ್ತೀನಿ.”

ಯಂತ್ರ ಕೆಟ್ಟಾಗ ಕೆಟ್ಟದ್ದನ್ನು ನೋಡಬಾರದು, ಕೆಡದೆ ಉಳಿದದ್ದನ್ನು ನೋಡಬೇಕು. ಮುಂದಿನ ಬೆಂಚಿನದು ಮಾತ್ರ ಯಾಕೆ ಓದುತ್ತಿದೆ? ಹತ್ತಿರ ಇದ್ದುದಕ್ಕೇ? ಎರಡನೇ ಬೆಂಚೇನೂ ದೂರವಿರಲಿಲ್ಲ. ಎದ್ದು ಹೋಗಿ ರೇಡಿಯೊಳ ಕಾರ್ಡು ತೆಗೆದುಕೊಂಡೆ. ಅದು ಹೊಳೆಯುತ್ತಿರಲಿಲ್ಲ. ಮೇಲೆಲ್ಲ ಬೆಳ್ಳಗೆ ಮಾಸಿತ್ತು. ಬೆರಳು ಆಡಿಸಿದೆ, ಪುಡಿ ಹತ್ತಿತು. ಅಕ್ಕ ಬೋರ್ಡಿನಲ್ಲಿ ಬರೆದ ಕೈಯಲ್ಲೇ ಈ ಕಾರ್ಡುಗಳನ್ನು ಹಿಡಿದು, ತಿರುಗಿಸಿ, ಸವರಿ ತೋರಿಸಿದ್ದಳು.

“ಅಕ್ಕ, ಸೀಮೆಸುಣ್ಣ,” ಅಂದೆ. “ಎಲ್ಲ ಕಾರ್ಡಿಗೂ ಸೀಮೆಸುಣ್ಣ ತಿಕ್ಕಿಸು. ತೆಳ್ಳಗೆ. ಹೊಳಪು ಸತ್ತರೆ ಸಾಕು.”

ಅವಳಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಡಬ್ಬಿಯಲ್ಲಿದ್ದ ತುಂಡುಗಳನ್ನೆಲ್ಲ ಬೆಂಚುಗಳಿಗೆ ಹಂಚಿಬಿಟ್ಟಳು. ಶಾಲೆಯ ವಸ್ತುವಿಗೆ ಗೀಚಿ ಎಂದು ಮಿಸ್ಸೇ ಹೇಳುವ ದಿನ ಬಂದೀತೆಂದು ಆ ಮಕ್ಕಳು ಕನಸಿನಲ್ಲೂ ಎಣಿಸಿರಲಿಲ್ಲ. ತಿಕ್ಕಿದರು, ಅಂಗೈಯಲ್ಲಿ ಸವರಿದರು, ಊದಿದರು. ಒಬ್ಬಳು ಡಸ್ಟರನ್ನೇ ತಂದು ಇಡೀ ಬೆಂಚಿನ ಕಾರ್ಡುಗಳ ಮೇಲೆ ಬಡಿದಳು. ರೂಮು ಹಿಟ್ಟಿನ ಗಿರಣಿಯಾಯಿತು. ಹೆಡ್ ಮಿಸ್ ಕೆಮ್ಮಿದರು. ಮಡಿಲಲ್ಲಿದ್ದ ಚೀಲಗಳು ಯಾವಾಗ ಕೆಳಗಿಳಿದವೋ ನಾನು ನೋಡಲಿಲ್ಲ.

“ಈಗ ಎತ್ತಿ.”

ಕಾರ್ಡುಗಳು ಮಂಕಾಗಿ, ಕೊಳಕಾಗಿ ಎದ್ದವು. ಅಕ್ಕ ಫೋನು ಆಡಿಸುತ್ತ ಹೋದ ಹಾಗೆ ನನ್ನ ಪರದೆಯಲ್ಲಿ ಚೌಕಗಳು ಟಪಟಪನೆ ತುಂಬಿದವು, ಒಂದು ತುದಿಯಿಂದ ಮತ್ತೊಂದು ತುದಿಯವರೆಗೆ. ಯಾವುದೂ ಖಾಲಿ ಉಳಿಯಲಿಲ್ಲ. ನನ್ನ ಬಾಯಿಂದ ಏನೋ ಶಬ್ದ ಹೊರಟಿತು. ಹೆಡ್ ಮಿಸ್ ನನ್ನ ಕಡೆ ತಿರುಗಿದರು.

ಗೋಡೆಯ ಮೇಲೆ ಕಂಬಗಳು ಎದ್ದವು. ‘ಅ’ ಕಂಬ ಚಾವಣಿ ಮುಟ್ಟುವಂತಿತ್ತು. ‘ಆ’ ಕಂಬ ಅದರ ಸೊಂಟಕ್ಕೂ ಬರುತ್ತಿರಲಿಲ್ಲ.

ಅಂದರೆ ಕ್ಲಾಸಿನಲ್ಲಿ ಮುಕ್ಕಾಲು ಪಾಲು ಮಕ್ಕಳಿಗೆ 0.3ಕ್ಕಿಂತ 0.25 ದೊಡ್ಡದು. ಮೂರಕ್ಕಿಂತ ಇಪ್ಪತ್ತೈದು ದೊಡ್ಡದಲ್ಲವೇ, ಹಾಗೆ. ನನ್ನ ಪರದೆಯಲ್ಲಿ ಸರಿಯಾದವರು ಹಸಿರು, ತಪ್ಪಿದವರು ಕೆಂಪು. ಮುಂದಿನ ಬೆಂಚು ಸಾಲಾಗಿ ಕೆಂಪಗಿತ್ತು. ಎಲ್ಲರಿಗಿಂತ ಕೆಂಪಗೆ ರೇಡಿಯೊ.

ಹಿಂದಿನ ಬೆಂಚಿನವರು ಗುಟ್ಟಾಗಿ ಬುದ್ಧಿವಂತರಿರಬಹುದು ಎಂದು ಅಕ್ಕನಿಗೆ ಆಸೆಯಿತ್ತು. ಅದೂ ನಿಜವಾಗಲಿಲ್ಲ. ಅಲ್ಲೂ ಬಹಳಷ್ಟು ಕೆಂಪೇ. ಹಸಿರು ಚೌಕಗಳು ಯಾರೋ ಒಂದು ಹಿಡಿ ಕಾಳು ಎರಚಿದಂತೆ ಎಲ್ಲೆಂದರಲ್ಲಿ ಬಿದ್ದಿದ್ದವು. ಹೆಡ್ ಮಿಸ್ ಎಳೆದ ಗೆರೆಯ ಮುಂದೆಯೂ ಇದ್ದವು, ಹಿಂದೆಯೂ ಇದ್ದವು.

“ಇದು ಹೋದ ತಿಂಗಳು ಮುಗಿಸಿದ ಪಾಠ ಅಲ್ವೇನ್ರೀ?” ಹೆಡ್ ಮಿಸ್ ಹಿಂದಿನಿಂದ ಕೇಳಿದರು.

“ಹೌದು ಮೇಡಂ,” ಅಂದಳು ಅಕ್ಕ. “ನಾನು ಮುಗಿಸಿದ್ದೆ. ಅವರು ಶುರು ಮಾಡಿರಲಿಲ್ಲ.” ಅವಳ ದನಿಯಲ್ಲಿ ನಾಚಿಕೆ ಇರಲಿಲ್ಲ. ಕಳೆದುಹೋದ ಸಾಮಾನು ಎಲ್ಲಿ ಬಿದ್ದಿದೆಯೆಂದು ಕೊನೆಗೂ ಕಂಡವಳ ಹಾಗಿದ್ದಳು. ಸರಿ ಉತ್ತರ ಯಾವುದೆಂದು ಮಕ್ಕಳಿಗೆ ಹೇಳಲಿಲ್ಲ. ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟಳು.

“ನಿಮ್ಮಲ್ಲೇ ಒಬ್ಬರ ಉತ್ತರ ಇನ್ನೊಬ್ಬರಿಗೆ ಒಪ್ತಿಲ್ಲ. ಬೇರೆ ಉತ್ತರ ಹೇಳಿದವರನ್ನ ಹುಡ್ಕಿ, ಎದ್ದು ಹೋಗಿ, ಜಗಳ ಆಡಿ. ಬೈಯೋ ಹಾಗಿಲ್ಲ, ಯಾಕೆ ಅಂತ ಹೇಳ್ಬೇಕು. ಆಮೇಲೆ ಮತ್ತೆ ಕಾರ್ಡು.”

ಕ್ಲಾಸು ಸಿಡಿಯಿತು.

ಹಿಂದಿನ ಬೆಂಚಿನ ಒಬ್ಬ, ಎಲ್ಲರೂ ಕುಂಟ್ಲೆ ಎನ್ನುತ್ತಿದ್ದವನು, ಸೀದಾ ರೇಡಿಯೊಳ ಮುಂದೆ ಬಂದು ನಿಂತ. “ನಿಂದೇನು?”

“ಅ. ಇಪ್ಪತ್ತೈದು ದೊಡ್ಡದು.”

“ಎಲ್ಲಿದೆ ಇಪ್ಪತ್ತೈದು?”

“ಕಣ್ಣಿಲ್ವಾ? ಬೋರ್ಡ್ ಮೇಲಿದೆ.”

ಅವನು ಅವಳ ಸ್ಕೇಲನ್ನೇ ಎತ್ತಿಕೊಂಡ. “ಇದು ಎಷ್ಟುದ್ದ?”

“ಮೂವತ್ತು ಸೆಂಟಿಮೀಟರ್. ನನ್ ಸ್ಕೇಲ್ ಕೊಡು.”

“ಮೀಟರಲ್ಲಿ ಹೇಳು.”

ರೇಡಿಯೊಳ ಕಣ್ಣು ಸ್ಕೇಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದುಹೋದದ್ದು ನನಗೆ ಕಾಣಿಸಿತು. “ಇದು ಪೂರ್ತಿ 0.3,” ಅಂದಳು ಮೆಲ್ಲಗೆ. ಬೆರಳು ಇಪ್ಪತ್ತೈದರ ಗೆರೆಯ ಮೇಲೆ ಬಂದು ನಿಂತಿತು. “0.25 ಇಲ್ಲಿಗೇ ಮುಗಿಯುತ್ತೆ. ಇನ್ನೂ ಇಷ್ಟು ಮಿಗುತ್ತೆ. ಅಯ್ಯೋ, ಇಷ್ಟು ದಿನ ಯಾರೂ ಹೇಳ್ಲೇ ಇಲ್ಲ.”

“ನೀನೆಲ್ಲಿ ಹೇಳೋಕೆ ಬಿಟ್ಟೆ,” ಅಂದ ಕುಂಟ್ಲೆ.

ಅಷ್ಟರಲ್ಲಿ ಅವಳು ಸ್ಕೇಲು ಕಿತ್ತುಕೊಂಡು ಮೂರನೇ ಬೆಂಚಿನವರ ಮೇಲೆ ಬಿದ್ದಿದ್ದಳು. ಕ್ಲಾಸಿನಲ್ಲಿದ್ದ ಸ್ಕೇಲುಗಳೆಲ್ಲ ಹೊರಗೆ ಬಂದವು. ಸಂತೆಯ ಗದ್ದಲ. ಪಕ್ಕದ ಕ್ಲಾಸಿನ ಮೇಷ್ಟ್ರು ಬಾಗಿಲಲ್ಲಿ ಇಣುಕಿ, ಹೆಡ್ ಮಿಸ್ ಕೂತಿರುವುದನ್ನು ನೋಡಿ, ಏನೂ ಅರ್ಥವಾಗದೆ ಹೊರಟುಹೋದರು. ಅಕ್ಕ ಬೆಂಚುಗಳ ನಡುವೆ ಓಡಾಡುತ್ತಿದ್ದಳು. ಕಿವಿ ಕೊಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ಅವಳ ಕಿವಿಗಳು ಕೆಂಪಾಗಿದ್ದವು. ಚಿಕ್ಕವಳಿದ್ದಾಗ ಕೇರಂನಲ್ಲಿ ಗೆಲ್ಲುವ ಹೊತ್ತಿಗೆ ಹೀಗೇ ಆಗುತ್ತಿದ್ದವು.

ಎರಡನೇ ಸಲ ಕಾರ್ಡು ಎತ್ತಿಸಿದಾಗ ಗೋಡೆಯ ಮೇಲಿನ ‘ಅ’ ಕಂಬ ಕುಸಿದು ನೆಲಕ್ಕಂಟಿತು. ‘ಆ’ ಕಂಬ ಏರಿತು, ಏರಿತು, ಚಿತ್ರದ ಅಂಚು ಮುಟ್ಟಿತು. ಮಕ್ಕಳು ಬೆಂಚು ಗುದ್ದಿದರು.

ಹೆಡ್ ಮಿಸ್ ಗಡಿಯಾರ ನೋಡುವುದನ್ನು ಬಿಟ್ಟಿದ್ದರು. ಆದರೆ ಅಷ್ಟಕ್ಕೇ ಕರಗುವವರಲ್ಲ. “ಇದು ಒಂದು ಪ್ರಶ್ನೆ. ನೀವೇ ಆರಿಸ್ಕೊಂಡಿದ್ದು,” ಅಂದರು. “ಈಗ ನಾನು ಕೇಳ್ತೀನಿ. ಒಂದು ಚೌಕ. ಅದರ ಬದಿಗಳನ್ನ ಎರಡು ಪಟ್ಟು ಉದ್ದ ಮಾಡಿದ್ರೆ ವಿಸ್ತೀರ್ಣ ಎಷ್ಟು ಪಟ್ಟು ಆಗುತ್ತೆ? ಎರಡು, ಮೂರು, ನಾಲ್ಕು, ಎಂಟು. ಯಾರೂ ಯಾರ ಜೊತೇನೂ ಮಾತಾಡ್ಬಾರ್ದು. ಕಾರ್ಡು.”

ಈ ಪಾಠ ಅಕ್ಕ ಇನ್ನೂ ಮಾಡಿರಲಿಲ್ಲ. ಚೌಕ ಎಂದರೆ ಏನು, ವಿಸ್ತೀರ್ಣ ಎಂದರೆ ಏನು ಎನ್ನುವುದಷ್ಟೇ ಮಕ್ಕಳಿಗೆ ಗೊತ್ತಿತ್ತು. ಮುಂದಿನವರೆಲ್ಲ ಸರಿ, ಹಿಂದಿನವರೆಲ್ಲ ತಪ್ಪು ಎಂದು ಬಂದರೆ ಹೆಡ್ ಮಿಸ್ಸಿನ ಗೆರೆಯೇ ಗೆದ್ದ ಹಾಗೆ, ಸೋಮವಾರ ಖಾಯಂ. ಅವಳು ಫೋನು ಎತ್ತಿದಳು. ಅವಸರದಲ್ಲಿ ಆಡಿಸಿ ಒಂದು ಬೆಂಚನ್ನು ಎರಡು ಸಲ ಓದಿಸಬೇಕಾಯಿತು.

ನನ್ನ ಪರದೆ ತುಂಬಿತು. ಹೆಡ್ ಮಿಸ್ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಅಕ್ಕ ಮುಂದೆ ನಿಂತೇ ಇದ್ದಳು, ಓಡಿ ಬಂದು ನೋಡುವ ಧೈರ್ಯವಿಲ್ಲದೆ.

ಮೊಟ್ಟಮೊದಲ ಸಲ ಹಸಿರಾಗಿದ್ದ ಕುಂಟ್ಲೆ ಈಗ ಕೆಂಪು. ರೇಡಿಯೊ ಹಸಿರು. ಅವಳ ಪಕ್ಕದವಳು ಕೆಂಪು. ಹಿಂದೆ ಗೋಡೆಗೆ ಒರಗಿ ಕೂತಿದ್ದ, ಮೊದಲು ದಶಮಾಂಶದಲ್ಲಿ ತಪ್ಪಿದ್ದ ಒಂದು ಉದ್ದನೆಯ ಹುಡುಗಿ ಹಸಿರು. ಅವಳು ಪಕ್ಕದವರದ್ದೂ ಸೇರಿಸಿ ನಾಲ್ಕು ಕಾರ್ಡುಗಳನ್ನು ಬೆಂಚಿನ ಮೇಲೆ ಒತ್ತೊತ್ತಾಗಿ ಜೋಡಿಸಿ ನೋಡಿಕೊಂಡು ಆಮೇಲೆ ತನ್ನದನ್ನು ಎತ್ತಿದ್ದಳು. ಮೊದಲ ಸಲದ ಹಸಿರಿಗೂ ಈ ಸಲದ ಹಸಿರಿಗೂ ತಾಳಮೇಳವೇ ಇರಲಿಲ್ಲ. ನಾನು ಆ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟೆ.

ಹೆಡ್ ಮಿಸ್ ಬಹಳ ಹೊತ್ತು ನೋಡಿದರು. ಬೆರಳು ಗೆರೆ ಎಳೆಯಲು ಬಂತು. ಎಲ್ಲಿ ಎಳೆಯುವುದೆಂದು ತಿಳಿಯದೆ ಗಾಳಿಯಲ್ಲೇ ನಿಂತಿತು.

“ಏನ್ರೀ,” ಎಂದು ಅಕ್ಕನನ್ನು ಕರೆದರು. “ಆಟದ ಮೇಷ್ಟ್ರಿಗೆ ಯಾರನ್ನ ಕೊಡ್ಲಿ ನಾನು?”

“ಯಾರನ್ನೂ ಬೇಡ ಮೇಡಂ.”

“ಅವರಿಗೆ ಅಂತ ಇಟ್ಟಿದ್ದ ಪೀರಿಯಡ್ಡು?”

“ನನಗೆ ಕೊಡಿ.”

“ವಾರಕ್ಕೆ ಇರೋ ಬಿಡುವೆಲ್ಲ ಹೋಗುತ್ತೆ. ಕಾಫಿ ಕುಡಿಯೋಕೂ ಟೈಮ್ ಸಿಗಲ್ಲ. ಆಮೇಲೆ ಬಂದು ಅಳಬಾರದು.”

“ಕೊಡಿ ಮೇಡಂ.”

ಅವರ ಮಾತು ಮುಗಿಯುವ ಮೊದಲೇ ಅವಳ ಉತ್ತರ ಬಂದಿತ್ತು. ಹೆಡ್ ಮಿಸ್ ಎದ್ದು ಸೆರಗಿನ ಮೇಲಿದ್ದ ಸುಣ್ಣದ ಪುಡಿ ಕೊಡವಿಕೊಂಡು ಮಕ್ಕಳ ಕಡೆ ತಿರುಗಿದರು. “ಎಲ್ಲರೂ ಕೇಳಿ. ಸೋಮವಾರ ಯಾರೂ ಎಲ್ಲಿಗೂ ಹೋಗ್ತಿಲ್ಲ. ಎಲ್ಲರೂ ಇದೇ ರೂಮು, ಇದೇ ಮಿಸ್.”

ಯಾರೂ ಕೇಳಿಸಿಕೊಳ್ಳಲಿಲ್ಲ. ಅಕ್ಕ ಚೌಕದ ಉತ್ತರವನ್ನೂ ಹೇಳದೆ ಬಿಟ್ಟಿದ್ದಳು, ಮಾತಾಡಬಾರದು ಎಂಬ ಅಪ್ಪಣೆ ಕಾರ್ಡು ಇಳಿದ ಕೂಡಲೇ ಸತ್ತಿತ್ತು. ಗೋಡೆಯ ಮೇಲೆ ಎರಡು ಕಂಬಗಳು ಸಮಸಮವಾಗಿ ನಿಂತಿದ್ದವು. ಅರ್ಧ ಕ್ಲಾಸು ಎರಡು ಪಟ್ಟು ಅನ್ನುತ್ತಿತ್ತು, ಇನ್ನರ್ಧ ನಾಲ್ಕು ಅನ್ನುತ್ತಿತ್ತು. ಉದ್ದನೆಯ ಹುಡುಗಿಯ ಬೆಂಚಿನ ಸುತ್ತ ಜನ ಮುತ್ತಿದ್ದರು. ಒಬ್ಬ ನೆಲದ ಮೇಲೆ ಚೌಕ ಬರೆಯುತ್ತಿದ್ದ. ಕುಂಟ್ಲೆ ಎರಡೇ ಎರಡೇ ಎಂದು ಕೂಗುತ್ತ ಸೋಲುತ್ತಿದ್ದ.

ಹೆಡ್ ಮಿಸ್ ದನಿ ಏರಿಸಿ ಅದನ್ನೇ ಇನ್ನೊಮ್ಮೆ ಹೇಳಿದರು.

ಬೆಂಚಿನ ಮೇಲೆ ಮಂಡಿಯೂರಿದ್ದ ರೇಡಿಯೊ ತಿರುಗಿ ನೋಡದೆಯೇ ಕೈ ಅಡ್ಡ ಹಿಡಿದಳು. “ಒಂದ್ನಿಮಿಷ ಇರಿ ಮಿಸ್, ಇದೊಂದು ಮುಗೀಲಿ.”

ಹೆಡ್ ಮಿಸ್ ಕಾದರು.